ಪಿಚ್, ಸ್ಕೇಲ್, ಕಟ್ಟ, ಕಪ್ಪು-ಬಿಳಿ: ಮಕ್ಕಳ ಭಜನೆಗೆ ಯಾವ ಶ್ರುತಿ?

ಅಕ್ಕ, ನಮಸ್ಕಾರ. ಬದಿಯಡ್ಕದ ನಿಮ್ಮ ಭಜನಾ ಮಂಡಳಿಗೆ ಹೊಸ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಿದೆ, ಅದರಲ್ಲಿ ‘ಪಿಚ್’ ಎಂದು ಬರೆದ ಗುಂಡಿ ಇದೆ. ಕೀಬೋರ್ಡ್ ನುಡಿಸುವ ಹುಡುಗ ‘ಸ್ಕೇಲ್ ಯಾವುದು’ ಎನ್ನುತ್ತಾನೆ, ಭಾಗವತರು ‘ಕಪ್ಪು ಎರಡು’ ಎನ್ನುತ್ತಾರೆ, ಶಾಲೆಯ ಮಲಯಾಳಿ ಸಂಗೀತ ಶಿಕ್ಷಕಿ ‘ಒನ್ನರ ಕಟ್ಟ’ ಎನ್ನುತ್ತಾರೆ, ಮೊಬೈಲ್ ಬೇರೆಯೇ ಅಂಕಿ ತೋರಿಸುತ್ತದೆ. ಇವರೆಲ್ಲ ಒಂದೇ ವಿಷಯ ಹೇಳುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಹೌದು, ಎಲ್ಲರ ಮಾತೂ ಶ್ರುತಿಯ ಎತ್ತರದ ಬಗ್ಗೆಯೇ. ಆದರೆ ಆ ‘ಹೆಚ್ಚುಕಡಿಮೆ’ಯಲ್ಲೇ ಮಕ್ಕಳ ಗಂಟಲು ಕೆಡುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಿಚ್ ಎಂದರೆ ನಾದ ಎಷ್ಟು ಎತ್ತರದಲ್ಲಿದೆ ಎಂಬುದು, ಅಷ್ಟೇ. ತಂತಿಯೋ ಹಾರ್ಮೋನಿಯಂನ ರೀಡೋ (ಲೋಹದ ನಾಲಗೆ) ಗಂಟಲೋ ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಯೋ ಅದರ ಲೆಕ್ಕ. ನಿಮ್ಮ ಮಗ ಹೇಳಿದ ಕ್ರಿಕೆಟ್ ಪಿಚ್ಚೂ ಅದೇ ಪದ. ಅಲ್ಲಿ ಅದು ವಿಕೆಟ್‌ಗಳ ನಡುವಿನ 22 ಗಜದ ಪಟ್ಟಿ. ಇಂಗ್ಲಿಷಿನಲ್ಲಿ ಮಾಡಿನ ಇಳಿಜಾರಿಗೂ ಸ್ಕ್ರೂವಿನ ಎಳೆಗಳ ಅಂತರಕ್ಕೂ ಅದನ್ನೇ ಹೇಳುತ್ತಾರೆ. ನಮ್ಮಲ್ಲಿ ಬೇರೊಂದು ಗೊಂದಲವಿದೆ. ಮೈಕಿನವನಿಗೆ ‘ಪಿಚ್ ಸ್ವಲ್ಪ ಜಾಸ್ತಿ ಮಾಡು’ ಎಂದು ಕೂಗುವವರು ಕೇಳುತ್ತಿರುವುದು ಸದ್ದನ್ನು. ಸದ್ದು ಏರಿದರೆ ಪಿಚ್ ಏರುವುದಿಲ್ಲ. ಮೆಲ್ಲನೆ ಹಾಡಿದರೂ ಕಪ್ಪು ಎರಡು ಕಪ್ಪು ಎರಡೇ.

ಸ್ಕೇಲ್ ಎಂದರೆ ನಿಜವಾಗಿ ಸ್ವರಗಳ ಏಣಿ, ಆರೋಹಣ ಅವರೋಹಣದ ಹಾಗೆ. ಆದರೆ ನಮ್ಮ ಕಡೆಯ ವಾದ್ಯದವರು ‘ಸ್ಕೇಲ್ ಯಾವುದು’ ಎಂದು ಕೇಳಿದರೆ ‘ನಿಮ್ಮ ಷಡ್ಜ (ಹಾಡಿಗೆ ಆಧಾರವಾದ ಸ) ಎಲ್ಲಿ’ ಎಂದೇ ಅರ್ಥ. ಹುಡುಗನನ್ನು ತಿದ್ದಲು ಹೋಗಬೇಡಿ, ಷಡ್ಜ ಹೇಳಿದರೆ ಸಾಕು.

ಈಗ ಹೆಸರುಗಳಿಗೆ ಬರೋಣ. ಹಾರ್ಮೋನಿಯಂನ ಒತ್ತುವ ಮನೆಗಳಲ್ಲಿ ಬಿಳಿ ಒಂದು ಎಂದರೆ ಇಂಗ್ಲಿಷ್ ಹೆಸರಿನಲ್ಲಿ ಸಿ. ಅದರ ಪಕ್ಕದ ಕಪ್ಪು ಒಂದು ಸಿ ಶಾರ್ಪ್. ಅದೇ ಶಿಕ್ಷಕಿಯವರ ‘ಒನ್ನರ ಕಟ್ಟ’, ಅಂದರೆ ಒಂದೂವರೆ; ಕಟ್ಟದ ಲೆಕ್ಕದಲ್ಲಿ ಕಪ್ಪು ಮನೆಯನ್ನು ಎರಡು ಬಿಳಿಗಳ ನಡುವಿನ ಅರ್ಧ ಎಂದು ಎಣಿಸುತ್ತಾರೆ. ಬಿಳಿ ಎರಡು ಡಿ, ಕಪ್ಪು ಎರಡು ಡಿ ಶಾರ್ಪ್, ಕಟ್ಟದ ಲೆಕ್ಕದಲ್ಲಿ ಎರಡೂವರೆ. ಇಲ್ಲಿಯವರೆಗೆ ಸುಲಭ. ಬಿಳಿ ಮೂರು ಮತ್ತು ಬಿಳಿ ನಾಲ್ಕರ ನಡುವೆ ಕಪ್ಪು ಮನೆಯೇ ಇಲ್ಲ. ಹಾಗಾಗಿ ಮೂರೂವರೆ ಕಟ್ಟ ಎಂಬುದಿಲ್ಲ, ಕಪ್ಪು ಮೂರು ಎಂದರೆ ನಾಲ್ಕೂವರೆ, ಕಪ್ಪು ನಾಲ್ಕು ಎಂದರೆ ಐದೂವರೆ, ಕಪ್ಪು ಐದು ಎಂದರೆ ಆರೂವರೆ. ಭಾಗವತರ ‘ಮೂರು’ ಕೇಳಿ ಇನ್ನೊಬ್ಬರು ಮೂರು ಕಟ್ಟಕ್ಕೆ ಇಟ್ಟರೆ ಒಂದು ಪೂರ್ಣ ಸ್ವರದಷ್ಟು ವ್ಯತ್ಯಾಸ ಬರುತ್ತದೆ.

ಮೊಬೈಲಿನ ಆ್ಯಪ್‌ನಲ್ಲಿ ಇದಕ್ಕಿಂತ ದೊಡ್ಡ ಬಲೆ ಇದೆ. ಗಂಡಸರು ಕಪ್ಪು ಒಂದರ ಷಡ್ಜ ಹಾಡಿದರೆ ಅದು ‘ಸಿ ಶಾರ್ಪ್ 3’ ಎಂದು ತೋರಿಸುತ್ತದೆ. ಆ 3 ಸ್ಥಾಯಿಯ (ಅದೇ ಏಳು ಸ್ವರಗಳು ಮೇಲೆ ಕೆಳಗೆ ಮರಳಿ ಬರುವ ಹಂತದ) ಅಂಕಿ. ಅದನ್ನು ಕಪ್ಪು ಮೂರು ಎಂದು ಓದಬಾರದು. ಪಕ್ಕದಲ್ಲಿ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಎಂದಿರುತ್ತದೆ. ಹೆಂಗಸರು ಕಪ್ಪು ನಾಲ್ಕರಲ್ಲಿ ಹಾಡಿದರೆ ಸುಮಾರು 208. ಶಾಸ್ತ್ರೀಯ ಹಾಡುಗಾರಿಕೆಯಲ್ಲಿ ಗಂಡಸರು ಸಾಮಾನ್ಯವಾಗಿ ಬಿಳಿ ಒಂದರಿಂದ ಕಪ್ಪು ಎರಡರ ನಡುವೆ, ಹೆಂಗಸರು ಕಪ್ಪು ಮೂರರಿಂದ ಬಿಳಿ ಆರರ ನಡುವೆ ನಿಲ್ಲುತ್ತಾರೆ.

ಪೆಟ್ಟಿಗೆಯಲ್ಲಿ ‘ಫೈನ್’ ಎಂಬ ಇನ್ನೊಂದು ಗುಂಡಿಯೂ ಇರಬೇಕು. ಹೊಸ ಪೆಟ್ಟಿಗೆಗಳು ಮೇಲಿನ ಸ್ಥಾಯಿಯ ಬಿಳಿ ಆರನ್ನು 440 ಹರ್ಟ್ಸ್ ಎಂದು ಹಿಡಿದು ಲೆಕ್ಕ ಹಾಕುತ್ತವೆ, ಅದು ಅಂತರರಾಷ್ಟ್ರೀಯ ಅಳತೆ. ಮಂಡಳಿಯ ಹಳೆಯ ಹಾರ್ಮೋನಿಯಂ ಆ ಅಳತೆಯಲ್ಲೇ ಇರುತ್ತದೆ ಎನ್ನುವಂತಿಲ್ಲ, ರೀಡುಗಳು ವರ್ಷ ಕಳೆದಂತೆ ಸರಿಯುತ್ತವೆ. ರೀಡನ್ನು ಕೆರೆಯುವುದು ರಿಪೇರಿಯವರ ಕೆಲಸ. ನೀವು ಹಾರ್ಮೋನಿಯಂ ಒತ್ತಿ ಹಿಡಿದು, ಎರಡು ನಾದಗಳ ನಡುವಿನ ಅಲೆಯಾಟ ನಿಲ್ಲುವವರೆಗೆ ಪೆಟ್ಟಿಗೆಯ ಫೈನ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಪೆಟ್ಟಿಗೆ ಹಾರ್ಮೋನಿಯಂನ ಹಿಂದೆ ಹೋಗಲಿ. ಮದ್ದಳೆಯ ಬಲಭಾಗವನ್ನು ಕೊನೆಗೆ ಕೂಡಿಸಿ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಇಳಿಯುತ್ತದೆ, ಮತ್ತೆ ಮತ್ತೆ ನೋಡಬೇಕಾಗುತ್ತದೆ. ಒಂದೇ ಮದ್ದಳೆ ಎಲ್ಲ ಶ್ರುತಿಗೂ ಏರುವುದಿಲ್ಲ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಇನ್ನು ಮಕ್ಕಳ ವಿಷಯ. ಅವರಿಗೂ ಭಾಗವತರ ಶ್ರುತಿಯನ್ನೇ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕುಂಬಳೆ ಸೀಮೆಯ ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು, ಚೆಂಡೆಯ ಮೇಲೆ ಹಾರಿ ನಿಲ್ಲುವ ಕಂಠ ಕೇಳಿ ಬೆಳೆದವರು. ಏರು ಶ್ರುತಿ ಎಂದರೆ ನಮಗೆ ಹೆಮ್ಮೆ. ಆ ಹೆಮ್ಮೆ ವರ್ಷಗಟ್ಟಲೆ ಸಾಧನೆ ಮಾಡಿದ ಗಂಟಲಿಗೆ ಸಲ್ಲುತ್ತದೆ. ಹತ್ತು ವರ್ಷದ ಮಗುವಿನ ಕುತ್ತಿಗೆಯ ನರ ಉಬ್ಬಿಸಿ ಹಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹೀಗೆ ಮಾಡಿ. ಮಗುವಿನಿಂದ ‘ಆ’ ಎಂದು ಆರಾಮವಾಗಿ ಹಾಡಿಸಿ, ಹಾರ್ಮೋನಿಯಂ ಜೊತೆ ಒಂದೊಂದೇ ಮನೆ ಕೆಳಗೆ ಇಳಿಯಿರಿ. ಸ್ವರ ಹೋಗಿ ಬರೀ ಉಸಿರು ಉಳಿಯುವ ಮೊದಲಿನ ಕೊನೆಯ ಸ್ಪಷ್ಟ ಮನೆಯನ್ನು ಗುರುತಿಸಿ. ಅದನ್ನು ಮಂದ್ರ ಪಂಚಮ (ಷಡ್ಜದ ಕೆಳಗಿನ ಪ) ಎಂದು ಹಿಡಿಯಿರಿ. ಅಲ್ಲಿಂದ ಕಪ್ಪು ಬಿಳಿ ಎಲ್ಲ ಸೇರಿಸಿ ಐದು ಮನೆ ಮೇಲೆ ಹೋದರೆ ಷಡ್ಜ. ಕೊನೆಯ ಸ್ಪಷ್ಟ ಮನೆ ಕಪ್ಪು ಒಂದಾದರೆ ಷಡ್ಜ ಕಪ್ಪು ಮೂರು. ಈಗ ಅದೇ ಷಡ್ಜದಲ್ಲಿ ತಾರ ಗಾಂಧಾರದವರೆಗೆ (ಮೇಲಿನ ಸ್ಥಾಯಿಯ ಗ) ಹಾಡಿಸಿ. ಗದ್ದ ಮೇಲೆ ಎತ್ತದೆ, ಕಿರುಚದೆ ಮುಟ್ಟಿದರೆ ಸರಿ. ಇಲ್ಲದಿದ್ದರೆ ಒಂದು ಮನೆ ಇಳಿಸಿ. ಗುಂಪಿನಲ್ಲಿ ಹಾಡುವಾಗ ಹೆಚ್ಚಿನವರಿಗೆ ಹೊಂದುವ ಮನೆ ಆರಿಸಿ, ಅತಿ ಎತ್ತರದ ಕಂಠದ ಮಗುವಿಗಲ್ಲ. ಕಪ್ಪು ನಾಲ್ಕರಲ್ಲಿಟ್ಟರೆ ಜೊತೆಗಿರುವ ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಬಹುದು.

ಹನ್ನೆರಡು ದಾಟಿದ ಗಂಡುಮಕ್ಕಳ ಧ್ವನಿ ಒಡೆಯತೊಡಗಿದರೆ ಅವರನ್ನು ಸಾಲಿನಿಂದ ಹೊರಗಿಡಬೇಡಿ. ತಾಳ ಕೊಡಿ, ಮೆಲ್ಲನೆ ಕೆಳಸ್ಥಾಯಿಯಲ್ಲಿ ಹಾಡಲಿ, ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಷಡ್ಜ ಹುಡುಕಿ.

ಹಳೆಯ ಕ್ಯಾಸೆಟ್ಟಿನಿಂದ ಶ್ರುತಿ ತೆಗೆಯುವ ನಿಮ್ಮ ಯೋಚನೆ ನಂಬುವಂಥದ್ದಲ್ಲ. ಟೇಪು ಸ್ವಲ್ಪ ವೇಗವಾಗಿ ಓಡಿದರೂ ಪಿಚ್ ಏರುತ್ತದೆ, ಪ್ರತಿ ಮಾಡಿದ ಕ್ಯಾಸೆಟ್‌ಗಳಲ್ಲಿ ಇದು ಇನ್ನೂ ಹೆಚ್ಚು. ಕರೋಕೆ ಟ್ರ್ಯಾಕ್ ಬಳಸುವುದಾದರೆ ಅದರಲ್ಲಿನ ‘ಪಿಚ್ +1’ ಎಂದರೆ ಕಪ್ಪು ಬಿಳಿ ಸೇರಿಸಿ ಒಂದು ಮನೆ ಏರಿಕೆ, ‘+2’ ಎಂದರೆ ಬಿಳಿ ಒಂದರಿಂದ ಬಿಳಿ ಎರಡಕ್ಕೆ ಹೋದಷ್ಟು. ಕೀಬೋರ್ಡಿನ ‘ಟ್ರಾನ್ಸ್‌ಪೋಸ್’ ಕೂಡ ಇದೇ ಲೆಕ್ಕ. ಹುಡುಗ ಹಿಂದಿನ ಕಾರ್ಯಕ್ರಮಕ್ಕೆ ಇಟ್ಟದ್ದನ್ನು ಸೊನ್ನೆಗೆ ತಂದಿದ್ದಾನೆಯೇ ಎಂದು ಹಾಡು ತೊಡಗುವ ಮೊದಲು ಒಮ್ಮೆ ಕೇಳಿ.

ಮಂಡಳಿಯ ಪುಸ್ತಕದಲ್ಲಿ ಪ್ರತಿ ಹಾಡಿನ ಎದುರು ಮೂರೂ ಹೆಸರು ಬರೆದಿಡಿ: ಕಪ್ಪು ನಾಲ್ಕು, ಐದೂವರೆ ಕಟ್ಟ, ಜಿ ಶಾರ್ಪ್. ಪೆಟ್ಟಿಗೆಯ ಮುಂಭಾಗದ ಫೋಟೊ ಹಾಕಿದರೆ ಯಾವ ಗುಂಡಿ ಯಾವುದಕ್ಕೆ ಎಂದು ನೋಡಿ ಹೇಳುತ್ತೇನೆ.