ಬಿಚ್ಚಿದ್ದೇ ತಪ್ಪು ಸ್ವಾಮಿ

ಈ ಸಲ ಬಂದ ಕಾಗದಗಳಲ್ಲಿ ಒಂದನ್ನ ಮೂರು ಸಲ ಓದ್ದೆ. ಬರ್ದೋರ ಹುಟ್ಟುಹಬ್ಬಕ್ಕೆ ಅವರ ಮಗಳು ಒಂದು ನೋಟನ್ನ ಪುಟ್ಟ ಶರ್ಟಿನ ಥರ ಮಡಚಿ ಕೊಟ್ಲಂತೆ. ಇವರು ಎರಡು ದಿನ ಟೇಬಲ್ ಮೇಲಿಟ್ಟು, ಮೂರನೇ ದಿನ ಕೈಯಲ್ಲಿ ಕ್ಯಾಶ್ ಇಲ್ಲ ಅಂತ ಬಿಚ್ಚಿ ಖರ್ಚು ಮಾಡಿಬಿಟ್ರಂತೆ. ಮಗಳು ಒಂದು ವಾರದಿಂದ ಮುಖ ಕೊಟ್ಟು ಮಾತಾಡ್ತಿಲ್ಲ. ‘ದುಡ್ಡಿರೋದು ಖರ್ಚು ಮಾಡೋಕೆ ಅಲ್ವಾ ಸಾರ್? ಇದೆಲ್ಲಾ ಕೆಲ್ಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ. ನೋಟು ಹಾಳು ಮಾಡೋದು ಅಪರಾಧ ಬೇರೆ. ನನ್ನ ತಪ್ಪೇನು ಹೇಳಿ’ ಅಂತ ಕೇಳಿದಾರೆ.

ದುಡ್ಡಿರೋದು ಖರ್ಚು ಮಾಡೋಕೇ, ಒಪ್ಪಿದೆ. ನಿಮ್ಮ ಪರವಾಗಿ ನಾನು ಹೇಳೋದು ಅಷ್ಟೇ, ಮುಂದಕ್ಕೆ ಎಲ್ಲಾ ನಿಮ್ಮ ಮಗಳ ಕಡೆ.

ಮೊದಲು ಅಪರಾಧದ ಮಾತು ಮುಗಿಸೋಣ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ರೆ ಈ ಕಲೆ ಹುಲುಸಾಗಿ ಬೆಳೆದಿರೋದು ಅಮೆರಿಕದ ಒಂದು ಡಾಲರ್ ನೋಟಿನ ಮೇಲೆ, ಅಲ್ಲಿನ ಕಾನೂನು ಏನನ್ನುತ್ತೆ ಅಂದ್ರೆ, ನೋಟು ಮತ್ತೆ ಚಲಾವಣೆಗೆ ಬರಬಾರದು ಅನ್ನೋ ಉದ್ದೇಶ ಇಟ್ಕೊಂಡು ಅದನ್ನ ಕತ್ತರಿಸಿದ್ರೆ, ತೂತು ಮಾಡಿದ್ರೆ, ವಿರೂಪ ಮಾಡಿದ್ರೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಎರಡೂ. ಮಡಚಿದ್ರೆ ಯಾರೂ ಕೇಳಲ್ಲ. ನಿಮ್ಮ ಮಗಳ ನೋಟನ್ನೇ ತಗೊಳ್ಳಿ, ನೀವು ಬಿಚ್ಚಿ ಕೊಟ್ಟಾಗ ಎದುರಿನೋರು ಬೇಡ ಅಂದ್ರಾ? ಅವಳು ನಿರಪರಾಧಿ ಅನ್ನೋದಕ್ಕೆ ನೀವೇ ಸಾಕ್ಷಿ.

ಈಗ ಬಡಗಿ ಗಾದೆಗೆ ಬರ್ತೀನಿ, ಸಿಟ್ಟು ಬಂದಿದ್ದು ಅದಕ್ಕೇ. ಓರಿಗಾಮಿ, ಅಂದ್ರೆ ಕಾಗದ ಮಡಚಿ ಆಕಾರ ಮಾಡೋ ಜಪಾನಿ ಕಲೆ, ಮಾಡೋರು ಸಾಮಾನ್ಯವಾಗಿ ಚೌಕದ ಹಾಳೆ ತಗೋತಾರೆ. ನೋಟಲ್ಲಿ ಆ ಸುಖ ಇಲ್ಲ. ಡಾಲರ್ ನೋಟು 156 ಮಿಲಿಮೀಟರ್ ಉದ್ದ, 66 ಅಗಲ, ಹೆಚ್ಚುಕಮ್ಮಿ ಏಳಕ್ಕೆ ಮೂರು. ಕತ್ತರಿ ಹಾಕೋ ಹಾಗಿಲ್ಲ, ಅಂಟು ಹಚ್ಚೋ ಹಾಗಿಲ್ಲ, ಮೇಲೆ ಅಚ್ಚಾಗಿರೋ ಮುಖ, ಅಂಕಿ, ಬಳ್ಳಿ ಯಾವುದನ್ನೂ ಜರುಗಿಸೋಕಾಗಲ್ಲ, ಅದೆಲ್ಲಿದೆಯೋ ಅಲ್ಲಿಗೇ ನಿಮ್ಮ ಲೆಕ್ಕ ಹೊಂದ್ಕೋಬೇಕು. ವಾನ್ ಪಾರ್ಕ್ ಅಂತ ಒಬ್ರಿದಾರೆ, ಒಂದೇ ಡಾಲರ್ ನೋಟಲ್ಲಿ ‘ಕೊಯ್’ ಅನ್ನೋ ಅಲಂಕಾರದ ಮೀನು ಮಾಡ್ತಾರೆ, ಮೈತುಂಬ ಒಂದೊಂದೂ ಎಣಿಸೋ ಹಾಗೆ ಚಿಪ್ಪು. ಆ ಚಿಪ್ಪೆಲ್ಲಾ ಬರೀ ನಿರಿಗೆ. ನಾನು ಅದರ ಫೋಟೋನ ಭೂತಗನ್ನಡಿ ಇಟ್ಟು ನೋಡ್ದೆ, ಎಲ್ಲಾದ್ರೂ ಕತ್ತರಿ ಬಿದ್ದಿದ್ಯಾ ಅಂತ. ಇಲ್ಲ.

ಜಪಾನಿನೋರ ತಮಾಷೆ ಇನ್ನೊಂದು ಥರ. 2004ರಿಂದ ಅವರ ಸಾವಿರ ಯೆನ್ ನೋಟಲ್ಲಿ ನೊಗುಚಿ ಅನ್ನೋ ವಿಜ್ಞಾನಿಯ ಮುಖ ಇತ್ತು. ಮುಖ ಬಿಟ್ಟು ಉಳಿದ ನೋಟನ್ನೆಲ್ಲಾ ಅವರ ತಲೆ ಸುತ್ತ ರುಮಾಲು ಆಗೋ ಹಾಗೆ ಮಡಚೋರು, ಅದಕ್ಕೆ ‘ಟರ್ಬನ್ ನೊಗುಚಿ’ ಅಂತ್ಲೇ ಹೆಸರು. 2024ರ ಹೊಸ ನೋಟಲ್ಲಿ ಮುಖ ಬದಲಾಗಿದೆ, ಪಾಪ, ರುಮಾಲು ಕಟ್ಟೋರು ಮತ್ತೆ ಅ ಆ ಇ ಈ ಇಂದ ಶುರು ಮಾಡಿರಬೇಕು.

ಇಷ್ಟೂ ಕಷ್ಟ ಅನ್ಸಿದ್ರೆ ಮುಖ ಇರೋ ಯಾವ ನೋಟಾದ್ರೂ ತಗೊಂಡು ಒಂದೊಂದು ಕಣ್ಣಿನ ನಡುಮಧ್ಯಕ್ಕೂ ಮೇಲಿಂದ ಕೆಳಕ್ಕೆ ಒಂದೊಂದು ಮಡಿಕೆ ಹಾಕಿ, ಮೂಗಿನ ಮೇಲೆ ಅದಕ್ಕೆ ಉಲ್ಟಾ ಒಂದು ಮಡಿಕೆ. ಈಗ ನೋಟನ್ನ ಹಿಂದೆ ಮುಂದೆ ವಾಲಿಸಿ ನೋಡಿ, ಒಂದು ಕಡೆಯಿಂದ ಆ ದೊಡ್ಡ ಮನುಷ್ಯರು ನಗ್ತಾರೆ, ಇನ್ನೊಂದು ಕಡೆಯಿಂದ ಮುಖ ಊದಿಸ್ಕೋತಾರೆ. ಮಗಳ ಮುಂದೆ ಇದನ್ನ ಮಾಡಿ, ಅರ್ಧ ರಾಜಿ ಅಲ್ಲೇ ಆಗುತ್ತೆ.

ಎಲ್ಲಾ ನೋಟೂ ಮಾತು ಕೇಳಲ್ಲ ಅನ್ನೋದೂ ನಿಜ. ಡಾಲರ್ ನೋಟು ಮುಕ್ಕಾಲು ಪಾಲು ಹತ್ತಿ, ಕಾಲು ಪಾಲು ಲಿನನ್. ಹರಿಯೋಕೆ ಮುಂಚೆ ಸುಮಾರು ನಾಲ್ಕು ಸಾವಿರ ಸಲ ಹಿಂದಕ್ಕೂ ಮುಂದಕ್ಕೂ ಮಡಚಬಹುದು ಅಂತ ಅಚ್ಚು ಹಾಕೋರೇ ಹೇಳ್ತಾರೆ. ಪ್ಲಾಸ್ಟಿಕ್ ನೋಟಿದೆಯಲ್ಲ, 1988ರಲ್ಲಿ ಆಸ್ಟ್ರೇಲಿಯಾದೋರು ಶುರು ಮಾಡಿದ್ದು, ಅದು ಮಹಾ ಹಠಮಾರಿ. ಗೆಳೆಯ ಒಂದು ತಂದುಕೊಟ್ಟಿದ್ದ, ರಾತ್ರಿಯೆಲ್ಲಾ ದಪ್ಪ ಡಿಕ್ಷನರಿ ಕೆಳಗಿಟ್ಟೆ, ಬೆಳಗ್ಗೆ ಪುಸ್ತಕ ಎತ್ತಿದ ತಕ್ಷಣ ಬಾಯಿ ಬಿಟ್ಕೊಂಡು ಎದ್ದು ಕೂತ್ಕೊಳ್ತು. ಹಾಗಂತ ಸವೆದ ಹಳೇ ನೋಟೂ ಬೇಡ. ಒಂದು ಸಲ ಕಪ್ಪೆ ಮಾಡೋಕೆ ಹೋಗಿ ನಾಲ್ಕು ಮಡಿಕೆ ಸೇರೋ ಜಾಗದಲ್ಲಿ ತೂತು ಬಿತ್ತು, ಆ ನೋಟು ಈಗಲೂ ನನ್ನ ಡ್ರಾಯರ್‌ನಲ್ಲೇ ಇದೆ, ಯಾರಿಗೂ ಕೊಡೋಕೆ ಧೈರ್ಯ ಇಲ್ಲ.

ನಂಗೆ ಬೇಜಾರಾಗೋದು ಎಲ್ಲಿ ಗೊತ್ತಾ? ಕೈಯಲ್ಲಿ ಏನಾದ್ರೂ ಮಾಡ್ತಾ ಕೂತೋರನ್ನ ಕಂಡ್ರೆ ನಮಗೆಲ್ಲಾ ‘ಟೈಮ್ ವೇಸ್ಟ್’ ಅನ್ಸುತ್ತೆ, ಅದನ್ನ ಹೇಳೋಕೆ ಮಾತ್ರ ಫೋನಿಂದ ತಲೆ ಎತ್ತಬೇಕು. ಉಡುಗೊರೆ ಅಂದ್ರೆ ಈಗ ಒಂದು ಬೆರಳು ಒತ್ತಿದ್ರೆ ಆಯ್ತು, ಟಣ್ ಅಂತ ಶಬ್ದ, ಮೊತ್ತ ಬಂತು, ಥ್ಯಾಂಕ್ಸ್, ಅದಕ್ಕೊಂದು ಎಮೋಜಿ. ನಮ್ಮ ಆಫೀಸಿಗೆ ಕಲಿಯೋಕೆ ಬರೋ ಹುಡುಗರಿಗೆ ಒಂದು ಹಾಳೇನ ಮೂರು ಸಮ ಭಾಗ ಮಡಚಿ ಅಂದ್ರೆ ವಿಡಿಯೋ ಹುಡುಕ್ತಾರೆ! ಓರಿಗಾಮಿ ಗುರು ಅಕಿರಾ ಯೋಶಿಝಾವಾ ಕಬ್ಬಿಣದ ಕಾರ್ಖಾನೇಲಿ ಇದ್ದಾಗ ಹೊಸ ಕೆಲಸಗಾರರಿಗೆ ಜ್ಯಾಮಿತಿ ಕಲಿಸಿದ್ದೇ ಕಾಗದ ಮಡಚಿ. ಆಗ ಅದನ್ನ ಯಾರೂ ಟೈಮ್ ವೇಸ್ಟ್ ಅಂದಿಲ್ಲ.

ಆ ಶರ್ಟ್ ಹೇಗೆ ಆಯ್ತು ಅಂತ ಹೇಳ್ತೀನಿ ಕೇಳಿ. ಉದ್ದದ ಎರಡೂ ಅಂಚು ನಡುಗೆರೆಗೆ ತರಬೇಕು. ಒಂದು ತುದೀಲಿ ಬೆರಳಗಲಕ್ಕಿಂತ ಕಮ್ಮಿ ಪಟ್ಟಿ ಹಿಂದಕ್ಕೆ ಮಡಚಬೇಕು, ನೋಟು ಮುಂದಕ್ಕೆ ತಿರುಗಿಸಿ ಆ ತುದಿಯ ಎರಡು ಮೂಲೆ ನಡುವಿಗೆ ತಂದ್ರೆ ಕಾಲರ್. ಇನ್ನೊಂದು ತುದೀಲಿ ಒಳಗಿನ ಮೂಲೆಗಳನ್ನ ಹೊರಗೆ ಎಳೆದ್ರೆ ತೋಳು. ಆಮೇಲೆ ಆ ತುದೀನ ಎತ್ತಿ ಕಾಲರಿನ ಕೆಳಗೆ ಸಿಕ್ಕಿಸೋದು. ಪಟ್ಟಿ ಒಂದು ಕೂದಲಷ್ಟು ವಾಲಿದ್ರೂ ಕಾಲರ್ ಸೊಟ್ಟ. ಅವಳು ಎಷ್ಟು ಸಲ ಬಿಚ್ಚಿ ಮತ್ತೆ ಮಡಚಿದ್ಲೋ. ನೀವು ಬಿಚ್ಚೋಕೆ ಎಷ್ಟು ಹೊತ್ತು ತಗೊಂಡ್ರಿ?

ಈಗ ಮಾಡಬೇಕಾದ್ದು ಇಷ್ಟು. ಗರಿಗರಿ ನೋಟು ಒಂದು ತಗೊಳ್ಳಿ, ಕೈ ಒರೆಸ್ಕೊಂಡು ಕೂತು ನೀವೇ ಒಂದು ಶರ್ಟ್ ಮಾಡಿ ಅವಳಿಗೆ ಕೊಡಿ. ಸೊಟ್ಟಗೇ ಇರ್ಲಿ. ಮಡಿಕೆ ಮೇಲೆ ಸ್ಕೇಲ್ ಇಟ್ಟು ಉಜ್ಜಬೇಡಿ, ಉಗುರಲ್ಲಿ ಗೀರಿ ಸಾಕು.