ಕಟ್ಟದೇ ಉಳಿದ ರೆಕ್ಕೆಯ ಬೂಸ್ಟರ್

ಚಳ್ಳಕೆರೆಯ ಓದುಗರೊಬ್ಬರ ಪತ್ರ: 'ಅಮೆರಿಕದ ಸ್ಪೇಸ್ ಶಟಲ್ ಮೊದಲ ನಕ್ಷೆಯಲ್ಲಿ ಪೂರ್ತಿ ಮರುಬಳಕೆಯದಾಗಿತ್ತಂತೆ. ಹಣ ಉಳಿಸಲು ಹೋಗಿ ಅದನ್ನು ಕೆಡಿಸಿದರು. ಮೊದಲಿನದನ್ನೇ ಕಟ್ಟಿದ್ದರೆ ಕಲ್ಪನಾ ಚಾವ್ಲಾ ಸೇರಿ ಹದಿನಾಲ್ಕು ಜನ ಉಳಿಯುತ್ತಿದ್ದರಲ್ಲವೇ? ನಮ್ಮೂರ ಪಕ್ಕ ಇಸ್ರೊ ಇಳಿಸಿದ ವಾಹನಕ್ಕೂ ಆ ನಕ್ಷೆಗೂ ಸಂಬಂಧವಿದೆಯೇ?'

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಯಾವ ನಿರ್ಧಾರದ ಮೇಲೆ ತಿರುಗಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಬೇರೆ.

1970ರಲ್ಲಿ ನಾಸಾಕ್ಕಾಗಿ ನಾರ್ತ್ ಅಮೆರಿಕನ್ ರಾಕ್‌ವೆಲ್ ಮತ್ತು ಮೆಕ್‌ಡೊನೆಲ್ ಡಗ್ಲಸ್ ಕಂಪನಿಗಳು ಬರೆದ ನಕ್ಷೆಗಳಲ್ಲಿ, ರೆಕ್ಕೆಯಿದ್ದ ಎರಡು ವಾಹನಗಳು ಒಂದರ ಬೆನ್ನಿಗೊಂದು ಅಂಟಿ ಮೇಲೇರುತ್ತಿದ್ದವು. ಆರಂಭದಲ್ಲಿ ಮೇಲೆತ್ತಿಕೊಡುವುದು ಬೂಸ್ಟರ್, ಕಕ್ಷೆಗೆ ಹೋಗುವುದು ಆರ್ಬಿಟರ್. ಬೂಸ್ಟರ್ ಬೋಯಿಂಗ್ 747 ವಿಮಾನಕ್ಕಿಂತ ಉದ್ದ, ಒಳಗೆ ಇಬ್ಬರು ಪೈಲಟ್‌ಗಳು. ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಆರ್ಬಿಟರನ್ನು ಬಿಟ್ಟುಕೊಟ್ಟು, ಆಮೇಲೆ ಜೆಟ್ ಎಂಜಿನ್ ಚಾಲೂ ಮಾಡಿಕೊಂಡು ನೂರಾರು ಕಿ.ಮೀ. ಹಿಂದಕ್ಕೆ ಹಾರಿ, ಅದು ರನ್‌ವೇಗೆ ಇಳಿಯಬೇಕಿತ್ತು. ಆರ್ಬಿಟರ್ ತನ್ನ ಇಂಧನವನ್ನೆಲ್ಲ ಒಡಲೊಳಗೇ ಹೊತ್ತು ಕಕ್ಷೆ ಸೇರುತ್ತಿತ್ತು. ಎಸೆಯುವ ಭಾಗವೇ ಇಲ್ಲ. ಎಷ್ಟು ಚೆಂದದ ಕಲ್ಪನೆ!

ಅಭಿವೃದ್ಧಿಗೇ ಸುಮಾರು 1,000 ಕೋಟಿ ಡಾಲರ್ ಬೇಕಿತ್ತು. 1971ರಲ್ಲಿ ಸರ್ಕಾರದ ಬಜೆಟ್ ಕಚೇರಿ ಅದರರ್ಧಕ್ಕಿಂತ ಹೆಚ್ಚು ಸಿಗದು ಎಂದಿತು. ಅಲ್ಲಿಂದ ಇಳಿಜಾರು. ಇಂಧನದ ಟ್ಯಾಂಕುಗಳು ಆರ್ಬಿಟರ್‌ನಿಂದ ಹೊರಬಂದವು. ಚಂದ್ರಯಾನದ ರಾಕೆಟ್ ಸ್ಯಾಟರ್ನ್-5ರ ಮೊದಲ ಹಂತಕ್ಕೇ ರೆಕ್ಕೆ, ಕಾಕ್‌ಪಿಟ್ ಜೋಡಿಸೋಣ ಎಂದಿತು ಬೋಯಿಂಗ್; ಅದೂ ಕಾಗದದಲ್ಲೇ ಉಳಿಯಿತು. ಸಮುದ್ರಕ್ಕಿಳಿಸಿ ಎತ್ತಿ ತರುವ ದ್ರವ ಇಂಧನದ ಬೂಸ್ಟರ್ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು. 1972ರ ಜನವರಿ 5ರಂದು ಅಧ್ಯಕ್ಷ ನಿಕ್ಸನ್ ಶಟಲ್‌ಗೆ ಒಪ್ಪಿದರು. ಮಾರ್ಚ್ 15ರಂದು ನಾಸಾ ಘನ ಇಂಧನದ ಬೂಸ್ಟರ್‌ಗಳನ್ನು ಆರಿಸಿತು.

ನಾನು ಒಪ್ಪಲಾರದ ನಿರ್ಧಾರ ಇದು. ದ್ರವ ಇಂಧನದ ಎಂಜಿನ್‌ನಲ್ಲಿ ತೊಂದರೆ ಕಂಡರೆ ಅದನ್ನು ನಿಲ್ಲಿಸಬಹುದು. ಶಟಲ್‌ನ ಘನ ಬೂಸ್ಟರ್ ಹೊತ್ತಿಕೊಂಡರೆ ಎರಡು ನಿಮಿಷ ಉರಿದೇ ಮುಗಿಯಬೇಕಿತ್ತು. ಅಷ್ಟು ಹೊತ್ತು ಸಿಬ್ಬಂದಿಗೆ ಪಾರಾಗುವ ದಾರಿಯಿರಲಿಲ್ಲ. 1986ರ ಜನವರಿ 28ರ ಚಳಿಯಲ್ಲಿ ಬೂಸ್ಟರ್‌ನ ಕೀಲಿನಲ್ಲಿ ಅನಿಲ ಸೋರದಂತೆ ತಡೆಯಬೇಕಿದ್ದ ರಬ್ಬರಿನ ಬಳೆ, ಓ-ರಿಂಗ್, ಗಟ್ಟಿಯಾಯಿತು; ಬಿಸಿ ಅನಿಲ ಹೊರನುಗ್ಗಿತು. ಹೊರಟ 73 ಸೆಕೆಂಡಿಗೆ ಚಾಲೆಂಜರ್ ಶಟಲ್ ಛಿದ್ರವಾಯಿತು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಶಟಲ್‌ನ ರೆಕ್ಕೆಯ ಅಂಚನ್ನು ಒಡೆದದ್ದು ಹೊರ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು. ಘನ ಬೂಸ್ಟರ್, ಹೊರ ಟ್ಯಾಂಕ್, ಎರಡೂ 1970ರ ಆ ನಕ್ಷೆಗಳಲ್ಲಿ ಇರಲಿಲ್ಲ. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ರೆಕ್ಕೆಯ ಬೂಸ್ಟರ್ ಕಟ್ಟಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎನ್ನಲಾರೆ. ಆಗ ಪೈಲಟ್ ಹಾರಿಸಿದ್ದ ಅತಿ ವೇಗದ ವಿಮಾನವೆಂದರೆ ಎಕ್ಸ್-15: ಒಬ್ಬರೇ ಕೂರುವ ಪುಟ್ಟ ವಿಮಾನ, ಶಬ್ದದ ವೇಗದ 6.7 ಪಟ್ಟು. ಅಲ್ಲಿಂದ 747ನ್ನು ಮೀರಿಸುವ ಗಾತ್ರಕ್ಕೆ, ಅದಕ್ಕೂ ಮಿಗಿಲಾದ ವೇಗಕ್ಕೆ ಒಂದೇ ನೆಗೆತದಲ್ಲಿ ಹೋಗಬೇಕಿತ್ತು. ರೆಕ್ಕೆ, ಜೆಟ್ ಎಂಜಿನ್, ಮರಳಲು ಇಂಧನ, ಇವಿಷ್ಟನ್ನೂ ಹೊತ್ತೇ ಮೇಲೇರಬೇಕು. ಲೆಕ್ಕಾಚಾರವೂ ಅತಿಯಾದ ಆಸೆಯದು: 1990ರೊಳಗೆ 500ಕ್ಕೂ ಹೆಚ್ಚು ಹಾರಾಟಗಳಾಗುತ್ತವೆ, ಹಾಕಿದ ಹಣ ಮರಳುತ್ತದೆ ಎಂದು ನಂಬಿದ್ದರು. 1981ರಿಂದ 2011ರವರೆಗೆ ನಿಜವಾಗಿ ಆದದ್ದು 135. ನನ್ನ ದುಃಖ ಸಮುದ್ರಕ್ಕಿಳಿಯುವ ಆ ಸರಳ ದ್ರವ ಬೂಸ್ಟರ್ ಕುರಿತಾದದ್ದು.

ಬೂಸ್ಟರ್ ಹಿಂದಿರುಗಲು ರೆಕ್ಕೆ ಬೇಕಿಲ್ಲವೆಂದು 2015ರ ಡಿಸೆಂಬರ್‌ನಲ್ಲಿ ನೆಟ್ಟಗೆ ನಿಂತು ಇಳಿದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟಿನ ಮೊದಲ ಹಂತ ತೋರಿಸಿತು. 2021ರ ಏಪ್ರಿಲ್‌ನಲ್ಲಿ, ಮೊದಲೇ ಹಾರಿದ್ದ ಬೂಸ್ಟರ್ ಮೇಲೆ ನಾಲ್ವರು ಗಗನಯಾತ್ರಿಗಳು ಹೊರಟರು.

ನಿಮ್ಮೂರ ವಾಹನಕ್ಕೆ ಬರುತ್ತೇನೆ. ಸಂಬಂಧ ಇದೆ, ಅದೂ ಹತ್ತಿರದ್ದು. 2016ರ ಮೇ 23ರಂದು ಮೊದಲು ಹಾರಿದ ಇಸ್ರೊದ ರೆಕ್ಕೆಯ ವಾಹನವನ್ನು ಮುಂದೆ ಹಿಗ್ಗಿಸಿ ಎರಡು ಹಂತದ ಮರುಬಳಕೆ ರಾಕೆಟ್ಟಿನ ಮೊದಲ ಹಂತವಾಗಿಸುವ ಯೋಚನೆಯಿತ್ತು; ಅಂದರೆ 1970ರ ಅದೇ ರೆಕ್ಕೆಯ ಬೂಸ್ಟರ್. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಾಗ ತಾನಾಗಿಯೇ ಚಿತ್ರದುರ್ಗದ ರನ್‌ವೇಗೆ ಇಳಿದದ್ದು ಅದೇ ಸಾಲಿನ ವಾಹನ. ಈಗ ಇಸ್ರೊ ಅದನ್ನು ಕಕ್ಷೆಗೆ ಹೋಗಿ ಮರಳುವ ವಾಹನವಾಗಿ, ಸಿಬ್ಬಂದಿಯಿಲ್ಲದೆ, ಬೆಳೆಸುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮುಂದಿನ ಪೀಳಿಗೆಯ ರಾಕೆಟ್ಟಿನಲ್ಲೂ ಮರುಬಳಕೆಯಾಗುವುದು ಮೊದಲ ಹಂತವೇ.