ಸೂರ್ಯ ಮುಳುಗಿದ ಕೂಡಲೇ ಟ್ರೈಪಾಡ್ ಮಡಚಬೇಡಿ

ಪ್ರಶ್ನೆ: ನಾನಿರುವುದು ಅರಿಝೋನಾದ ಚಾಂಡ್ಲರ್‌ನಲ್ಲಿ. ಲಾಸ್ಟ್ ಡಚ್‌ಮನ್ ಸ್ಟೇಟ್ ಪಾರ್ಕಿನಲ್ಲಿ ನಿಂತು ನೋಡಿದರೆ ಸಂಜೆ ಸೂಪರ್‌ಸ್ಟಿಷನ್ ಬೆಟ್ಟ ಕೆಂಡದ ಹಾಗೆ ಕಾಣುತ್ತದೆ. ಫೋಟೊದಲ್ಲಿ ಮಾತ್ರ ಪೇಲವ ಹಳದಿ, ಆಕಾಶವೆಲ್ಲ ಬಿಳಿ. ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಬೆಟ್ಟದ ಮುಂದೆ ಅವರ ಒಂದು ಒಳ್ಳೆ ಫೋಟೊ ತೆಗೆಯಬೇಕು. ಮಿರರ್‌ಲೆಸ್ ಕ್ಯಾಮೆರಾ, 18–55 ಮತ್ತು 55–200 ಎಂಎಂ ಲೆನ್ಸ್ ಇವೆ. ಏನು ಮಾಡಲಿ?

ಉತ್ತರ: ತಪ್ಪು ನಿಮ್ಮದಲ್ಲ, ಕ್ಯಾಮೆರಾದ ಜಾಣತನದ್ದು. ಸಂಜೆ ನೆರಳು ನೆಲದಿಂದ ಮೇಲಕ್ಕೇರುತ್ತದೆ. ಸಗ್ವಾರೊ ಕಳ್ಳಿಗಳೆಲ್ಲ ಕತ್ತಲಾದ ಮೇಲೂ ಬಂಡೆಯ ಮೇಲೆ ಬಿಸಿಲಿರುತ್ತದೆ. ಕತ್ತಲ ನೆಲವನ್ನು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ, ಬಂಡೆ ಬಿಳಿಚಿಕೊಳ್ಳುತ್ತದೆ. ಅದರ ಮೇಲೆ ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಬೇರೆ: ಕೆಂಪು ಜಾಸ್ತಿಯಾಯಿತೆಂದು ತಾನೇ ತೊಳೆದುಹಾಕುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಡಿ, ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿಗೆ, ಇಳಿಸಿ, ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಹಿಸ್ಟೋಗ್ರಾಂ (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ಗ್ರಾಫ್) ನೋಡುವಾಗ ಒಟ್ಟು ಬೆಳಕಿನ ಬಿಳಿ ಗೆರೆ ಸಾಲದು, ಕೆಂಪಿನದನ್ನು ಬೇರೆಯಾಗಿ ನೋಡಿ. ಇಂಥ ಬೆಳಕಿನಲ್ಲಿ ಮೊದಲು ಕೆಡುವುದು ಅದೇ. ಬಿಳಿ ಗೆರೆ ಸರಿಯಾಗಿದ್ದರೂ ಕೆಂಪು ಬಲತುದಿಗೆ ಬಡಿದಿರುತ್ತದೆ, ಬಂಡೆಯ ಬಿರುಕುಗಳೆಲ್ಲ ಮಾಯ.

ಡಿಸೆಂಬರ್ ಆಗಿರುವುದು ನಿಮ್ಮ ಅದೃಷ್ಟ. ಆಗ ಅಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಸುಮಾರು 28 ಡಿಗ್ರಿ ದಕ್ಷಿಣಕ್ಕೆ ಸರಿದು. ಪಾರ್ಕಿನ ಕಡೆಗಿರುವ ಬಂಡೆಯ ಮೇಲೆ ಬೆಳಕು ಓರೆಯಾಗಿ ಸವರಿಕೊಂಡು ಹೋಗುವುದರಿಂದ ಒಂದೊಂದು ಸೀಳೂ ಎದ್ದು ಕಾಣುತ್ತದೆ. ಜೂನ್‌ನಲ್ಲಾದರೆ ಬೆಳಕು ಎದುರಿಗೇ ಬಿದ್ದು ಬೆಟ್ಟ ಚಪ್ಪಟೆ.

ಅಪ್ಪ, ಅಮ್ಮನ ಫೋಟೊಗೆ ಆ ಕೆಂಪು ಹೊತ್ತು ಬೇಡವೇ ಬೇಡ. ಅವರು ನೆರಳಲ್ಲಿ, ಬೆಟ್ಟ ಬಿಸಿಲಲ್ಲಿ. ಎರಡೂ ಒಂದೇ ಎಕ್ಸ್‌ಪೋಷರ್‌ಗೆ ಒಗ್ಗುವುದಿಲ್ಲ. ಸೂರ್ಯ ಮುಳುಗಿ ಎಂಟು ಹತ್ತು ನಿಮಿಷ ಕಾಯಿರಿ. ಎಲ್ಲರೂ ಕಾರು ಸ್ಟಾರ್ಟ್ ಮಾಡುವ ಹೊತ್ತು ಅದು, ನಿಮಗೆ ಅದೇ ಬೇಕು. ಪಶ್ಚಿಮದ ಆಕಾಶದ ಮೆದು ಬೆಳಕು ಮುಖಕ್ಕೂ ಬೆಟ್ಟಕ್ಕೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ, ಯಾರೂ ಕಣ್ಣು ಕಿರಿದು ಮಾಡಬೇಕಾಗಿಲ್ಲ. ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಿಸಿ. ನೀವು ಹಿಂದಕ್ಕೆ ನಡೆದು 55–200 ಹಾಕಿ, 100 ಎಂಎಂ ಆಸುಪಾಸಿನಲ್ಲಿ ತೆಗೆಯಿರಿ. 18ರಲ್ಲಿ ತೆಗೆದರೆ ಅಷ್ಟು ದೊಡ್ಡ ಬೆಟ್ಟವೂ ಮರಳಗುಡ್ಡೆಯಷ್ಟಾಗುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400ರಿಂದ 800, ಶಟರ್ 1/125ಕ್ಕಿಂತ ಕೆಳಗೆ ಬೇಡ, ಫೋಕಸ್ ಅಮ್ಮನ ಕಣ್ಣಿಗೆ. ಫ್ಲ್ಯಾಷ್ ಬ್ಯಾಗಿನಲ್ಲೇ ಇರಲಿ.

ಇದೇ ಹೊತ್ತಿಗೆ ಪೂರ್ವದಲ್ಲಿ ಭೂಮಿಯ ನೆರಳು ಬೂದುನೀಲಿ ಪಟ್ಟಿಯಾಗಿ ಏಳುತ್ತದೆ, ಅದರ ನೆತ್ತಿಗೆ ಗುಲಾಬಿ ಅಂಚು. ಪಾರ್ಕಿನೊಳಗೆ ನಿಂತರೆ ಬೆಟ್ಟವೇ ಅದಕ್ಕೆ ಅಡ್ಡ. ಅದೂ ಬೇಕೆಂದರೆ ಇನ್ನೊಂದು ಸಂಜೆ ಕೆಲವು ಕಿಲೋಮೀಟರ್ ಪಶ್ಚಿಮಕ್ಕೆ ಬಂದು, ದೂರದಿಂದ ಟ್ರೈಪಾಡ್ ಮೇಲೆ ತೆಗೆಯಿರಿ.

ಬ್ಯಾಗಿನಲ್ಲಿ ಟಾರ್ಚ್ ಜೊತೆ ಒಂದು ಬಾಚಣಿಗೆ ಇರಲಿ. ಅಲ್ಲಿನ ಚೋಯ ಕಳ್ಳಿಯ ಮುಳ್ಳುಂಡೆ ತಾಕಿದರೆ ಸಾಕು, ಸೀರೆ, ಪ್ಯಾಂಟು ಎನ್ನದೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೀಳಬೇಡಿ, ಕೈಗೂ ನೆಡುತ್ತದೆ. ಬಾಚಣಿಗೆಯನ್ನು ಅಡಿಗೆ ತೂರಿಸಿ ಎಗರಿಸಿಬಿಡಿ.